ಸ್ಕ್ರ್ಯಾಪ್ ಪಟ್ಟಿಯಲ್ಲಿರುವ ಸನ್ ಅಲ್ಟ್ರಾ 5 ಯಂತ್ರಗಳನ್ನು ಮತ್ತೆ ನಡೆಸಬಹುದೇ?

ಪ್ರಶ್ನೆ:
ನಮಸ್ಕಾರ. ನಾನು ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿದ್ದೇನೆ. ನಮ್ಮ ಸ್ಟೋರ್ ರೂಮಿನಲ್ಲಿ ನಾಲ್ಕು ಸನ್ ಅಲ್ಟ್ರಾ 5 ವರ್ಕ್‌ಸ್ಟೇಷನ್‌ಗಳಿವೆ. ಇವುಗಳನ್ನು ಗುಜರಿಗೆ ಹಾಕುವ ಮೊದಲು ನಡೆಸಿ ತೋರಿಸಲು ಪ್ರಾಂಶುಪಾಲರು ಒಂದು ತಿಂಗಳ ಅವಧಿ ಕೊಟ್ಟಿದ್ದಾರೆ. ಸ್ವಿಚ್ ಹಾಕಿದರೆ ಬಿಳಿಯ ಪರದೆ ಬಂದು, ಐಡಿಪ್ರಾಮ್ (ಯಂತ್ರದ ಗುರುತಿನ ಮಾಹಿತಿ) ಸರಿಯಿಲ್ಲವೆಂಬ ಸೂಚನೆ ಕಾಣಿಸುತ್ತದೆ. ಆಮೇಲೆ ಆರ್‌ಎಆರ್‌ಪಿ (ಯಂತ್ರ ನೆಟ್‌ವರ್ಕಿನಲ್ಲಿ ತನ್ನ ಐಪಿ ವಿಳಾಸ ಕೇಳುವ ವಿಧಾನ) ಪ್ಯಾಕೆಟ್‌ಗಾಗಿ ಕಾದು ಸಮಯ ಮೀರಿತೆಂಬ ಸಾಲು ಒಂದರ ಕೆಳಗೊಂದು ಬರುತ್ತಲೇ ಇರುತ್ತದೆ. ಉಬುಂಟು ಸಿಡಿ ಹಾಕಿದರೂ ಪ್ರಯೋಜನವಾಗಲಿಲ್ಲ. ಹಾರ್ಡ್ ಡಿಸ್ಕ್ ಕೆಟ್ಟಿದೆಯೇ? ಯಾವ ಆಪರೇಟಿಂಗ್ ಸಿಸ್ಟಮ್ ಹಾಕಬೇಕು? ಎರಡು ಯಂತ್ರಗಳಲ್ಲಿ 128 ಎಂಬಿ, ಉಳಿದೆರಡರಲ್ಲಿ 256 ಎಂಬಿ ಮೆಮೊರಿ ಇದೆ.

ಉತ್ತರ:
ನಮಸ್ಕಾರ ಸರ್. ನಿಮ್ಮ ಹಾರ್ಡ್ ಡಿಸ್ಕನ್ನು ಈಗಲೇ ದೂರುವುದು ಬೇಡ, ಏಕೆಂದರೆ ಯಂತ್ರ ಇನ್ನೂ ಅದರ ತನಕ ಹೋಗಿಯೇ ಇಲ್ಲ. ಉಬುಂಟು ಸಿಡಿ ಓಡದಿರುವುದಕ್ಕೆ ಕಾರಣ ಸರಳ: ಅದು ಇಂಟೆಲ್ ಮತ್ತು ಎಎಂಡಿ ಪ್ರೊಸೆಸರ್‌ಗಳಿಗಾಗಿ ಮಾಡಿದ್ದು, 1998ರಲ್ಲಿ ಬಂದ ಅಲ್ಟ್ರಾ 5ರಲ್ಲಿ ಇರುವುದು ಅಲ್ಟ್ರಾಸ್ಪಾರ್ಕ್ ಪ್ರೊಸೆಸರ್.

ನಿಮಗೆ ಕಾಣುತ್ತಿರುವ ಎರಡೂ ಸೂಚನೆಗಳ ಮೂಲ ಒಂದೇ. ಮದರ್‌ಬೋರ್ಡಿನ ಮೇಲೆ ಸಾಕೆಟ್‌ನಲ್ಲಿ ಕೂರಿಸಿದ, ಬಾರ್‌ಕೋಡ್ ಚೀಟಿ ಅಂಟಿಸಿದ ದಪ್ಪನೆಯ ಒಂದು ಚಿಪ್ ಇದೆ. ಗಡಿಯಾರ, ಸೆಟ್ಟಿಂಗ್‌ಗಳು, ಯಂತ್ರದ ಈಥರ್ನೆಟ್ ವಿಳಾಸ ಎಲ್ಲವೂ ಅದರಲ್ಲೇ ಇರುತ್ತವೆ, ಮತ್ತು ಅವುಗಳನ್ನು ಉಳಿಸುವ ಲಿಥಿಯಂ ಬ್ಯಾಟರಿಯೂ ಅದರ ಹೊಟ್ಟೆಯೊಳಗೇ ಇದೆ. ಇಷ್ಟು ವರ್ಷಗಳಲ್ಲಿ ಆ ಬ್ಯಾಟರಿ ಸತ್ತಿದೆ. ನೆನಪು ಅಳಿಸಿಹೋದ ಯಂತ್ರ ತಪಾಸಣೆಯ ಸ್ಥಿತಿಯಲ್ಲಿ ಏಳುತ್ತದೆ, ಆ ಸ್ಥಿತಿಯಲ್ಲಿ ಡಿಸ್ಕನ್ನು ಬಿಟ್ಟು ನೆಟ್‌ವರ್ಕ್ ಮೂಲಕವೇ ಬೂಟ್ ಆಗಲು ನೋಡುತ್ತದೆ. ಆ ಸಾಲುಗಳು ಬರುತ್ತಿರುವುದು ಇದೇ ಕಾರಣಕ್ಕೆ.

ಸನ್ ಕೀಬೋರ್ಡಿನಲ್ಲಿ ಸ್ಟಾಪ್ ಮತ್ತು ಎ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಓಕೆ ಎಂಬ ಪ್ರಾಂಪ್ಟ್ ಬರುತ್ತದೆ. ಅಲ್ಲಿ ಮೊದಲು ಸೆಟ್-ಡಿಫಾಲ್ಟ್ಸ್ ಆಜ್ಞೆ ಕೊಟ್ಟು, ತಪಾಸಣೆಯ ಸ್ಥಿತಿಯನ್ನು ನಿರ್ಧರಿಸುವ ಡಯಾಗ್-ಸ್ವಿಚ್ ಅನ್ನು ಫಾಲ್ಸ್ ಮಾಡಿ. ಅನಂತರ ಎಂಕೆಪಿ ಎಂಬ ಆಜ್ಞೆಯಿಂದ ಐಡಿಪ್ರಾಮ್‌ನ ಬೈಟುಗಳನ್ನು ಒಂದೊಂದಾಗಿ ತುಂಬಬೇಕು. ಅಂಕಿಗಳೆಲ್ಲ ಹೆಕ್ಸಾಡೆಸಿಮಲ್ (ಹದಿನಾರರ ಆಧಾರದ ಸಂಖ್ಯೆಗಳು) ಎಂಬುದು ನೆನಪಿರಲಿ. ಮೊದಲನೆಯ ಬೈಟು 1, ಎರಡನೆಯದು ಈ ಮಾದರಿಯ ಗುರುತಾದ 80, ಮುಂದಿನ ಆರು ಬೈಟುಗಳು ಈಥರ್ನೆಟ್ ವಿಳಾಸ, ಕೊನೆಯ ಬೈಟು ಅದರ ಹಿಂದಿನ ಹದಿನೈದೂ ಬೈಟುಗಳ ಎಕ್ಸ್‌ಆರ್ (ಬಿಟ್‌ಗಳನ್ನು ಒಂದಕ್ಕೊಂದು ಹೋಲಿಸಿ ಮಾಡುವ ಲೆಕ್ಕ). ಈ ಕೊನೆಯ ಲೆಕ್ಕ ತಪ್ಪಿದರೆ ಉಳಿದದ್ದೆಲ್ಲ ಸರಿಯಿದ್ದರೂ ಯಂತ್ರ ಹಳೆಯ ರಾಗವನ್ನೇ ಹಾಡುತ್ತದೆ. ವಿಳಾಸದ ಮೊದಲ ಮೂರು ಬೈಟುಗಳಿಗೆ ಸನ್ ಕಂಪನಿಯ 08, 00, 20 ಹಾಕಿ, ಉಳಿದ ಮೂರನ್ನು ನಾಲ್ಕು ಯಂತ್ರಗಳಿಗೂ ಬೇರೆ ಬೇರೆ ಕೊಡಿ.

ಇನ್ನು ಆಪರೇಟಿಂಗ್ ಸಿಸ್ಟಮ್ ವಿಚಾರ. ಲಿನಕ್ಸ್‌ನ ಒಂದು ರೂಪವಾದ ಡೆಬಿಯನ್ 2013ರ ಆವೃತ್ತಿಯ ಬಳಿಕ ಈ ಸ್ಪಾರ್ಕ್ ಬಗೆಯ ಪ್ರೊಸೆಸರ್‌ಗಳನ್ನು ಅಧಿಕೃತ ಪಟ್ಟಿಯಿಂದ ಕೈಬಿಟ್ಟಿತು, ಯುನಿಕ್ಸ್ ಬಗೆಯ ಫ್ರೀಬಿಎಸ್‌ಡಿ 2021ರ ಆವೃತ್ತಿಯಲ್ಲಿ ಕೈಬಿಟ್ಟಿತು. ಅದೇ ಬಗೆಯ ಓಪನ್‌ಬಿಎಸ್‌ಡಿ ಮತ್ತು ನೆಟ್‌ಬಿಎಸ್‌ಡಿ ಈ ಯಂತ್ರಗಳನ್ನು ಇನ್ನೂ ಬಿಟ್ಟುಕೊಟ್ಟಿಲ್ಲ. ಎರಡೂ ಚೆನ್ನಾಗಿವೆ, ಆದರೆ ಓಪನ್‌ಬಿಎಸ್‌ಡಿ ಭದ್ರತೆಗಾಗಿ ಪ್ರತಿ ಬೂಟ್‌ನಲ್ಲೂ ತನ್ನ ತಿರುಳಾದ ಕರ್ನಲ್ ಅನ್ನು ಹೊಸದಾಗಿ ಜೋಡಿಸುವುದರಿಂದ ಇಷ್ಟು ಕಡಿಮೆ ಮೆಮೊರಿಯಲ್ಲಿ ಬಹಳ ಹೊತ್ತು ಕಾಯಿಸುತ್ತದೆ. ನಾನಾಗಿದ್ದರೆ ನೆಟ್‌ಬಿಎಸ್‌ಡಿ ಹಾಕುತ್ತಿದ್ದೆ.

ಮರುಪ್ರಶ್ನೆ:
ಧನ್ಯವಾದಗಳು ಸರ್. ನೀವು ಹೇಳಿದಂತೆ ಒಂದು ಯಂತ್ರದಲ್ಲಿ ಮಾಡಿದೆ, ಐಡಿಪ್ರಾಮ್ ದೂರು ನಿಂತಿತು. ಆದರೆ ಮಧ್ಯಾಹ್ನ ಕರೆಂಟ್ ಹೋಗಿ ಬಂದ ಮೇಲೆ ಮತ್ತೆ ಮೊದಲಿನ ಸ್ಥಿತಿಗೇ ಬಂದಿದೆ. ಸಿಡಿ ಡ್ರೈವ್ ಯಾವ ಸಿಡಿಯನ್ನೂ ಓದುತ್ತಿಲ್ಲ. ನಾಲ್ಕು ಯಂತ್ರಗಳಿಗೂ ಸೇರಿ ಇರುವುದು ಒಂದೇ ಕೀಬೋರ್ಡ್. ಇಷ್ಟೆಲ್ಲ ಮಾಡಿದರೆ ಇವುಗಳಿಂದ ವಿದ್ಯಾರ್ಥಿಗಳಿಗೆ ನಿಜವಾದ ಉಪಯೋಗವಿದೆಯೇ?

ಉತ್ತರ:
ಬ್ಯಾಟರಿ ಸತ್ತಿರುವುದರಿಂದ ಕರೆಂಟ್ ಇರುವಷ್ಟು ಹೊತ್ತು ಮಾತ್ರ ಆ ಬೈಟುಗಳು ಉಳಿಯುತ್ತವೆ. ಶಾಶ್ವತ ಪರಿಹಾರಕ್ಕೆ ಅದೇ ಮಾದರಿಯ, ಅಂದರೆ ಎಂ48ಟಿ59 ಸಂಖ್ಯೆಯ ಚಿಪ್ ತರಿಸಬೇಕು. ಹೊಸದೆಂದು ಮಾರುವ ಕೆಲವು ಚಿಪ್‌ಗಳು ಹಳೆಯ ದಾಸ್ತಾನಾಗಿದ್ದು, ಅವುಗಳ ಬ್ಯಾಟರಿಯೂ ಮುಗಿದಿರುತ್ತದೆ. ಬೆಸುಗೆ ಹಾಕುವ ಕೈ ಇದ್ದರೆ ಹಳೆಯ ಚಿಪ್‌ನ ಮೇಲ್ಭಾಗವನ್ನು ಅರದಿಂದ ಉಜ್ಜಿ, ಒಳಗಿನ ಬ್ಯಾಟರಿಯ ಸಂಪರ್ಕ ಕಡಿದು, ಹೊರಗಿನಿಂದ ಗಡಿಯಾರದ 3 ವೋಲ್ಟ್ ನಾಣ್ಯದ ಸೆಲ್ಲನ್ನು ಜೋಡಿಸಬಹುದು. ಎಲೆಕ್ಟ್ರಾನಿಕ್ಸ್ ವಿಭಾಗದವರ ಸಹಾಯ ಪಡೆಯಿರಿ, ಮೊದಲ ಚಿಪ್ ಹಾಳಾಗುವುದಕ್ಕೂ ಸಿದ್ಧರಿರಿ.

ಕೀಬೋರ್ಡ್ ಇಲ್ಲದಿರುವುದು ಕೊರತೆಯೇ ಅಲ್ಲ. ಕೀಬೋರ್ಡ್ ಜೋಡಿಸದೆ ಸ್ವಿಚ್ ಹಾಕಿದರೆ ಯಂತ್ರ ತಾನಾಗಿ 25 ಪಿನ್ನಿನ ಸೀರಿಯಲ್ ಪೋರ್ಟಿನ ಕಡೆ ತಿರುಗುತ್ತದೆ. ನಲ್ ಮೋಡೆಮ್ ಕೇಬಲ್‌ನಿಂದ (ಎರಡು ಯಂತ್ರಗಳ ಸೀರಿಯಲ್ ಪೋರ್ಟುಗಳನ್ನು ನೇರವಾಗಿ ಜೋಡಿಸುವ ಕೇಬಲ್) ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ವೇಗವನ್ನು 9600 ಎಂದು ಇಟ್ಟರೆ ಎಲ್ಲವೂ ಅಲ್ಲಿಯೇ ಕಾಣುತ್ತದೆ, ಬೈಟುಗಳನ್ನು ತುಂಬುವ ಸಾಲುಗಳನ್ನು ಒಂದು ಕಡತದಿಂದ ಅಂಟಿಸಲೂಬಹುದು. ನಡುವೆ ಕೇಬಲ್ ಕಿತ್ತರೆ ಯಂತ್ರ ಓಕೆ ಪ್ರಾಂಪ್ಟಿಗೆ ಬಂದು ನಿಂತುಬಿಡುವುದುಂಟು. ಗಾಬರಿಯಾಗದೆ ಗೋ ಎಂದು ಕೊಟ್ಟರೆ ಕೆಲಸ ನಿಂತಲ್ಲಿಂದಲೇ ಮುಂದುವರಿಯುತ್ತದೆ.

ಸಿಡಿಯನ್ನು ಮರೆತು ನೆಟ್‌ವರ್ಕ್ ಮೂಲಕವೇ ಹಾಕಿ. ಕಾಲೇಜಿನ ಜಾಲಕ್ಕೆ ಸೇರಿಸದ ಬೇರೆ ಸ್ವಿಚ್ ಒಂದಕ್ಕೆ ಅಲ್ಟ್ರಾವನ್ನೂ ಒಂದು ಲಿನಕ್ಸ್ ಪಿಸಿಯನ್ನೂ ಜೋಡಿಸಿ, ಪಿಸಿಯಲ್ಲಿ ಆರ್‌ಎಆರ್‌ಪಿ, ಟಿಎಫ್‌ಟಿಪಿ (ಬೂಟ್ ಕಡತ ಕಳಿಸಲು) ಮತ್ತು ಎನ್‌ಎಫ್‌ಎಸ್ (ಕಡತಗಳನ್ನು ಹಂಚಿಕೊಳ್ಳಲು) ಸೇವೆಗಳನ್ನು ನಡೆಸಬೇಕು. ಹೆಚ್ಚಿನವರು ಎಡವುವುದು ಬೂಟ್ ಕಡತದ ಹೆಸರಿನಲ್ಲಿ: ಯಂತ್ರ ತನ್ನ ಐಪಿ ವಿಳಾಸವನ್ನೇ ಹೆಕ್ಸಾಡೆಸಿಮಲ್‌ನಲ್ಲಿ ಬರೆದ ಹೆಸರಿನ ಕಡತವನ್ನು ಕೇಳುತ್ತದೆ. 192.168.10.21 ಕೊಟ್ಟಿದ್ದರೆ ಆ ಹೆಸರು ಸಿ0ಎ80ಎ15, ಅಕ್ಷರಗಳೆಲ್ಲ ಇಂಗ್ಲಿಷಿನ ದೊಡ್ಡಕ್ಷರಗಳಾಗಿರಬೇಕು.

ಉಪಯೋಗದ ಬಗ್ಗೆ ನೇರವಾಗಿ ಹೇಳುತ್ತೇನೆ. ಬ್ರೌಸರ್ ನಡೆಸುವ ಆಸೆ ಬೇಡ. ಆದರೆ ಸಿ ಭಾಷೆ ಕಲಿಸಲು ಇಂಥ ಯಂತ್ರ ಈಗ ಸುಲಭವಾಗಿ ಸಿಗದು. 0ಎ0ಬಿ0ಸಿ0ಡಿ ಎಂಬ ಹೆಕ್ಸಾಡೆಸಿಮಲ್ ಸಂಖ್ಯೆಯನ್ನು ನಾಲ್ಕು ಬೈಟಿನ ಇಂಟ್‌ನಲ್ಲಿಟ್ಟು ಅದರ ಮೊದಲ ಬೈಟನ್ನು ಮುದ್ರಿಸಿದರೆ, ನಿಮ್ಮ ಲ್ಯಾಬಿನ ಪಿಸಿಯಲ್ಲಿ 0ಡಿ ಬರುತ್ತದೆ, ಇಲ್ಲಿ 0ಎ ಬರುತ್ತದೆ. ಕ್ಯಾರೆಕ್ಟರ್ ಪಟ್ಟಿಯ ನಡುವಿನ ಬೆಸ ವಿಳಾಸವೊಂದನ್ನು ಇಂಟ್ ಪಾಯಿಂಟರ್ ಮಾಡಿ ಓದಿದರೆ ಪಿಸಿ ತೆಪ್ಪಗೆ ಉತ್ತರ ಕೊಡುತ್ತದೆ, ಸ್ಪಾರ್ಕ್ ಬಸ್ ಎರರ್ ಎಂದು ಪ್ರೋಗ್ರಾಮನ್ನೇ ನಿಲ್ಲಿಸುತ್ತದೆ. ಪಠ್ಯದಲ್ಲಿ ಓದಿ ಮರೆತ ಎಂಡಿಯನ್ (ಬೈಟುಗಳ ಕ್ರಮ) ಮತ್ತು ಅಲೈನ್‌ಮೆಂಟ್ (ಡೇಟಾ ಇಡಬೇಕಾದ ವಿಳಾಸದ ನಿಯಮ) ಪಾಠಗಳನ್ನು ವಿದ್ಯಾರ್ಥಿ ಅಲ್ಲಿ ಕಣ್ಣಾರೆ ಕಾಣುತ್ತಾನೆ.

ನಾಲ್ಕನ್ನೂ ಉಳಿಸುವ ಹಟ ಬೇಡ. 128 ಎಂಬಿಯ ಒಂದು ಯಂತ್ರವನ್ನು ಬಿಡಿಭಾಗಗಳಿಗೆಂದು ಇಟ್ಟು, ಅದರ ಮೆಮೊರಿಯನ್ನು ಇನ್ನೊಂದಕ್ಕೆ ಹಾಕಿ. ಮೆಮೊರಿ ಕಾರ್ಡುಗಳನ್ನು ಜೋಡಿಯಾಗಿಯೇ ತೆಗೆದು ಜೋಡಿಯಾಗಿಯೇ ಕೂರಿಸಬೇಕು. ಪ್ರಾಂಶುಪಾಲರಿಗೆ ತೋರಿಸುವ ದಿನ ಯಂತ್ರವನ್ನು ಯುಪಿಎಸ್‌ಗೆ ಜೋಡಿಸಿಡುವುದನ್ನು ಮರೆಯಬೇಡಿ.