ಹಕ್ಕಿ ಫೋಟೋ ಕ್ರಾಪ್ ಮಾಡಿದ ಮೇಲೂ ಸಹಿ ಉಳಿಯೋದು ಹೇಗೆ?

ಗಂಗೋತ್ರಿ_ಗೇಟ್:
ನನ್ನ ಸಂಶೋಧನೆ ಡಿಜಿಟಲ್ ಸಹಿಗಳ ಮೇಲೆ, ಹವ್ಯಾಸ ರಂಗನತಿಟ್ಟು, ಕೊಕ್ಕರೆಬೆಳ್ಳೂರು, ಮೇಲುಕೋಟೆ ಕಡೆಯ ಫೋಟೋಗ್ರಫಿ. ಎರಡನ್ನೂ ಸೇರಿಸೋ ಯೋಚನೆ: ರಾ ಫೈಲಿಗೆ (ಕ್ಯಾಮೆರಾ ಸೆನ್ಸರಿನ ಮೂಲ ದತ್ತಾಂಶ) ಎಸ್‌ಎಚ್‌ಎ-256 ಹ್ಯಾಶ್ (ಫೈಲಿನ ಬೆರಳಚ್ಚಿನಂಥ 32 ಬೈಟಿನ ಅಂಕಿ), ಅದರ ಮೇಲೆ ಈಡಿ25519 ಅನ್ನೋ ವಿಧಾನದ ಸಹಿ. ಆದರೆ ದೋಣಿಯಿಂದ ತೆಗೆದ ಚಿತ್ರದಲ್ಲಿ ಹೆಜ್ಜಾರ್ಲೆ ಒಂದು ಮೂಲೆಯಲ್ಲಿರುತ್ತೆ, ಕ್ರಾಪ್ ಮಾಡಿದ ತಕ್ಷಣ ಹ್ಯಾಶ್ ಬದಲಾಗುತ್ತೆ. ಪೂರ್ತಿ ಫೈಲು ಕೊಡದೆ, ಕ್ರಾಪ್ ಅದೇ ಮೂಲದ ತುಂಡು ಅಂತ ತೋರಿಸಬೇಕು. ಚಿತ್ರ 6000×4000 ಪಿಕ್ಸೆಲ್. ದಿನಾಂಕಕ್ಕೆ ಕ್ಯಾಮೆರಾ ಗಡಿಯಾರ ಸಾಕಾ?

ಅವಿಭಾಜ್ಯ:
ಇಡೀ ಫೈಲಿಗೆ ಒಂದೇ ಹ್ಯಾಶ್ ಇದ್ದರೆ ಇದು ಸುಲಭವಾಗಿ ಆಗಲ್ಲ. ಮರ್ಕಲ್ ಮರ ಕಟ್ಟಿ: ಚಿತ್ರದ ಪ್ರತಿ ತುಂಡಿನ ಹ್ಯಾಶ್ ಒಂದು ಎಲೆ, ಅವನ್ನ ಜೋಡಿಸ್ತಾ ಹೋದರೆ ತುದಿಯಲ್ಲಿ ಒಂದೇ ಹ್ಯಾಶ್ ಉಳಿಯುತ್ತೆ, ಅದೇ ಬೇರು. ರಾ ಫೈಲಿನಿಂದ 16-ಬಿಟ್ ಟಿಫ್ ತೆಗೆದು 64×64ರ ಚೌಕಗಳಾಗಿ ಹೆಚ್ಚಿ: ಅಡ್ಡಕ್ಕೆ 94, ಕೆಳಕ್ಕೆ 63, ಒಟ್ಟು 5,922. ಅಂಚಿನಲ್ಲಿ ಕಮ್ಮಿ ಬೀಳೋ ಪಿಕ್ಸೆಲ್‌ಗಳಿಗೆ ಸೊನ್ನೆ ತುಂಬಿ. ಇದನ್ನ 128×64ರ ಜಾಲರಿಯಲ್ಲಿ ಕೂರಿಸಿದರೆ 8,192 ಎಲೆ, ಮರ 13 ಹಂತ. ಎಲೆಗಳ ಹ್ಯಾಶ್ ಎರಡೆರಡಾಗಿ ಸೇರಿಸ್ತಾ ಮೇಲೆ ಹೋಗಿ, ತುದಿಯ ಬೇರಿನ ಮೇಲೆ ಮಾತ್ರ ಸಹಿ (ನಮ್ಮಲ್ಲಿ ಮರದ ಬೇರು ಮೇಲಿರುತ್ತೆ, ಏನ್ಮಾಡೋದು). ಒಂದು ಚೌಕಕ್ಕೆ ಪುರಾವೆ, ಬೇರಿನ ತನಕ ಹಂತಕ್ಕೊಂದರಂತೆ, 13 ಹ್ಯಾಶ್, ಅಂದ್ರೆ 416 ಬೈಟ್. ಚೌಕಗಳನ್ನ ಸಾಲಾಗಿ ಎಣಿಸಬೇಡಿ, ಮಾರ್ಟನ್ ಕ್ರಮದಲ್ಲಿ (ಝಡ್ ಆಕಾರದಲ್ಲಿ ಸಾಗೋ ಎಣಿಕೆ) ಎಣಿಸಿ. ಆಗ ಅಕ್ಕಪಕ್ಕದವು ಮರದಲ್ಲೂ ಹತ್ತಿರ ಬಂದು, ಕ್ರಾಪ್‌ಗೆ ಬೇಕಾದ ಹ್ಯಾಶ್‌ಗಳು ಬಹಳ ಕಡಿಮೆಯಾಗುತ್ತವೆ.

ಕೆಡೋದು ಚಿಕ್ಕ ಚಿಕ್ಕ ಕಡೆ. ಬಿಳುಚಿದ ಆಕಾಶದ ಚೌಕದಲ್ಲಿ ಎಲ್ಲಾ ಪಿಕ್ಸೆಲ್ ಗರಿಷ್ಠ ಬೆಲೆಯಲ್ಲೇ ಇರುತ್ತವೆ. ಬಚ್ಚಿಟ್ಟರೂ ಊಹಿಸಿ ಹ್ಯಾಶ್ ಹಾಕಿ ನೋಡಬಹುದು. ಅದಕ್ಕೆ ಪ್ರತಿ ಎಲೆಗೂ 16 ಬೈಟಿನ ಬೇರೆ ಬೇರೆ ಸಾಲ್ಟ್ (ಹ್ಯಾಶ್ ಮಾಡೋ ಮೊದಲು ಸೇರಿಸೋ, ಊಹಿಸಲಾಗದ ಅಂಕಿ) ಬೇಕು. ಅಷ್ಟನ್ನೂ ಉಳಿಸಿಡೋ ಕಷ್ಟ ಬೇಡ: ಚಿತ್ರಕ್ಕೊಂದು 32 ಬೈಟಿನ ಗುಟ್ಟು ಇಟ್ಕೊಂಡು, ಚೌಕದ ಸಂಖ್ಯೆಯ ಮೇಲೆ ಎಚ್‌ಮ್ಯಾಕ್ (ಗುಟ್ಟು ಬೆರೆಸಿ ಮಾಡೋ ಹ್ಯಾಶ್) ಓಡಿಸಿ ಸಾಲ್ಟ್ ತೆಗೀರಿ. ತೋರಿಸೋ ಚೌಕದ ಸಾಲ್ಟ್ ಮಾತ್ರ ಹೊರಗೆ ಹೋಗಲಿ, ಆ ಗುಟ್ಟು ಯಾವತ್ತೂ ಬೇಡ. ಎಲೆಯ ಹ್ಯಾಶ್‌ಗೆ ಮೊದಲು 0 ಬೈಟ್, ಒಳಗಂಟಿಗೆ (ಎರಡು ಹ್ಯಾಶ್ ಸೇರೋ ಜಾಗ) ಮೊದಲು 1 ಬೈಟ್ ಸೇರಿಸಿ, ಇಲ್ಲದಿದ್ದರೆ ಗಂಟನ್ನೇ ಎಲೆ ಅಂತ ಮಾರಬಹುದು. ಖಾಲಿ ಜಾಗಕ್ಕೆ ಕೊನೇ ಎಲೆಯನ್ನ ನಕಲು ಮಾಡಬೇಡಿ. ಬಿಟ್‌ಕಾಯಿನ್‌ನಲ್ಲಿ 2012ರಲ್ಲಿ ಸಿಕ್ಕ ದೋಷ ಇದೇ ಅಭ್ಯಾಸದಿಂದ ಬಂದದ್ದು. ಅಗಲ, ಎತ್ತರ, ರಾ ಫೈಲಿನ ಹ್ಯಾಶ್ ಮೂರನ್ನೂ ಸಹಿಯಾಗೋ ಸಂದೇಶದಲ್ಲೇ ಸೇರಿಸಿ. ವಿವಾದ ಬಂದರೆ ಮಾತ್ರ ರಾ ಹೊರಗೆ ತೆಗೆದರಾಯ್ತು.

ಗಂಗೋತ್ರಿ_ಗೇಟ್:
ಜೆಪೆಗ್ ಮೇಲೇ ಮಾಡಬಹುದಾ ಸರ್? ಸ್ವಲ್ಪ ಬೆಳಕು ಹೆಚ್ಚಿಸಿದರೆ?

ಅವಿಭಾಜ್ಯ:
ಜೆಪೆಗ್ ಆದರೆ ಪಿಕ್ಸೆಲ್ ಹ್ಯಾಶ್ ಮಾಡಬೇಡಿ. ಬೇರೆ ಬೇರೆ ಲೈಬ್ರರಿಗಳು ಅದೇ ಫೈಲನ್ನ ಬಿಚ್ಚಿದಾಗ ಪಿಕ್ಸೆಲ್ ಒಂದೆರಡು ಅಂಕಿ ಆಚೀಚೆ ಆಗುತ್ತೆ, ಪರಿಶೀಲನೆ ಸುಮ್ಮನೆ ಫೇಲ್. ಒಳಗಿರೋ ಡಿಸಿಟಿ ಅಂಕಿಗಳನ್ನೇ (ಜೆಪೆಗ್ ಪಿಕ್ಸೆಲ್ ಬದಲು ಉಳಿಸಿಡೋ ಅಂಕಿಗಳು) ಹ್ಯಾಶ್ ಮಾಡಿ. 4:2:0 (ಬಣ್ಣದ ವಿವರ ಕಮ್ಮಿ ಮಾಡಿದ) ಜೆಪೆಗ್‌ನಲ್ಲಿ ತುಂಡಿನ ಗಡಿ 16 ಪಿಕ್ಸೆಲ್‌ಗೊಮ್ಮೆ, 64ಕ್ಕೆ ಸರಿಹೊಂದುತ್ತೆ. ಬೆಳಕು ಮುಟ್ಟಿದರೆ ಈ ಮರ ಕೆಲಸಕ್ಕೆ ಬರಲ್ಲ. ಅದಕ್ಕೆ ಶೂನ್ಯ-ಜ್ಞಾನ ಪುರಾವೆ (ಮೂಲ ತೋರಿಸದೆ ಮಾತು ನಿಜ ಅಂತ ಸಾಬೀತು ಮಾಡೋ ವಿಧಾನ) ಬೇಕು. ನಾವೆ ಮತ್ತು ಟ್ರೋಮರ್ 2016ರಲ್ಲಿ ಮಂಡಿಸಿದ ಫೋಟೋಪ್ರೂಫ್‌ನಿಂದ ಓದಲು ಶುರುಮಾಡಿ. ಪ್ರಬಂಧಕ್ಕೆ ಒಳ್ಳೇ ವಸ್ತು, ಭಾನುವಾರದ ಫೋಟೋಗೆ ಅತಿಯಾಯ್ತು. ತಿದ್ದಿದ ಚಿತ್ರದ ಜೊತೆಗೆ ತಿದ್ದದ ಕ್ರಾಪ್ ಕೊಟ್ಟುಬಿಡಿ.

ಲಿಂಗಾಂಬುಧಿ_ದಂಡೆ:
ಗಡಿಯಾರದ ವಿಷಯ. ಎಕ್ಸಿಫ್ (ಕ್ಯಾಮೆರಾ ಫೈಲಿನೊಳಗೆ ಬರೆಯೋ ವಿವರ) ಸಮಯವನ್ನ ಯಾರು ಬೇಕಾದರೂ ತಿದ್ದಬಹುದು, ಲೆಕ್ಕಕ್ಕೇ ಇಟ್ಕೋಬೇಡಿ. ಸಹಿಯ ಹ್ಯಾಶನ್ನ ಓಪನ್‌ಟೈಮ್‌ಸ್ಟ್ಯಾಂಪ್ಸ್‌ಗೋ ಆರ್‌ಎಫ್‌ಸಿ 3161 ಸೇವೆಗೋ ಕಳಿಸಿ, ಎರಡೂ ಸಮಯದ ಮುದ್ರೆ ಹಾಕಿಕೊಡುತ್ತವೆ. ಹೋಗೋದು ಹ್ಯಾಶ್ ಮಾತ್ರ, ಚಿತ್ರ ನಿಮ್ಮಲ್ಲೇ ಇರುತ್ತೆ. ಇದು ಹೇಳೋದು "ಈ ಹೊತ್ತಿಗೆ ಮೊದಲೇ ಫೈಲು ಇತ್ತು" ಅಂತಷ್ಟೇ. ಹೋದ ವರ್ಷದ ಚಿತ್ರಕ್ಕೆ ಇವತ್ತು ಮುದ್ರೆ ಹಾಕೋದನ್ನ ತಡೆಯಲ್ಲ.

ಕಾರ್ಡಿನಿಂದ ನಕಲಾದ ತಕ್ಷಣ ಹ್ಯಾಶ್, ಚಿತ್ರ ತೆರೆದು ನೋಡೋದು ಆಮೇಲೆ. ಕ್ಯಾಮೆರಾದಲ್ಲೇ ಸ್ಟಾರ್ ಕೊಟ್ಟರೆ ಕೆಲವು ಮಾದರಿಗಳು ಫೈಲಿನೊಳಗೇ ಬರೆಯುತ್ತವೆ. ಲೈಟ್‌ರೂಮ್ ಸಾಮಾನ್ಯ ರಾ ಫೈಲಿಗೆ ಪಕ್ಕದಲ್ಲಿ ಎಕ್ಸ್‌ಎಂಪಿ (ತಿದ್ದುಪಡಿಯ ವಿವರದ ಫೈಲು) ಇಡುತ್ತೆ, ಆದರೆ ಡಿಎನ್‌ಜಿ (ಅಡೋಬಿಯ ರಾ ಮಾದರಿ) ಆದರೆ ಒಳಗೇ ಕೈ ಹಾಕುತ್ತೆ. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಫೈಲೇ ಬದಲಾಗಿ ಕಥೆ ಮುಗೀತು, ಡಾಕ್ಯುಮೆಂಟ್ ಅಂತ ಕಳಿಸಿ. ಕೋರ್ಟಿಗೆ ಹೋಗೋ ಚಿತ್ರವಾದರೆ, ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಹ್ಯಾಶ್ ನಮೂದಿಸಬೇಕು. ಆ ನಮೂನೆಯಲ್ಲಿ ಎಂಡಿ5, ಎಸ್‌ಎಚ್‌ಎ-1 ಕೂಡ ಇವೆ, ಆರಿಸ್ಕೋಬೇಡಿ. ಒಂದಕ್ಕೆ 2004ರಲ್ಲಿ, ಇನ್ನೊಂದಕ್ಕೆ 2017ರಲ್ಲಿ ಡಿಕ್ಕಿ (ಎರಡು ಬೇರೆ ಫೈಲಿಗೆ ಒಂದೇ ಹ್ಯಾಶ್) ತೋರಿಸಿಯಾಗಿದೆ.

ಕರಿಘಟ್ಟ_ಮೆಟ್ಟಿಲು:
ಇಬ್ಬರೂ ಬಿಟ್ಟ ಮಾತು: ಸಹಿ ಲ್ಯಾಪ್‌ಟಾಪಿನಲ್ಲಿ ಆಗ್ತಿದೆ, ಅದಕ್ಕೆ ಮೊದಲು ಏನಾಯ್ತು ಅಂತ ಅದಕ್ಕೆ ಗೊತ್ತಿಲ್ಲ. ಕ್ಯಾಮೆರಾದೊಳಗೇ ಸಹಿ ಆದರೂ ಸಹಿ ಹಾಕೋ ಬೀಗದ ಕೈ (ಕೀ) ಅಲ್ಲೇ ಇರುತ್ತೆ. ಕ್ಯಾನನ್, ನಿಕಾನ್‌ಗಳ ಹಳೇ ವ್ಯವಸ್ಥೆಗಳಿಂದ ಎಲ್ಕಾಮ್‌ಸಾಫ್ಟ್ ಕಂಪನಿ 2010, 2011ರಲ್ಲಿ ಕೀ ಹೊರಗೆ ತೆಗೆದು ತೋರಿಸಿತು. ಮುದ್ರಿಸಿದ ಚಿತ್ರಕ್ಕೇ ಕ್ಯಾಮೆರಾ ಹಿಡಿದರೆ ಯಾವ ಸಹಿಯೂ ತಡೆಯಲ್ಲ. ಹಾಗಾಗಿ "ಅಸಲಿ ಫೋಟೋ" ಅನ್ನಬೇಡಿ, "ಸಹಿಯಾದ ಮೇಲೆ ಬದಲಾಗಿಲ್ಲ" ಅಂತ ಬರೀರಿ.

ಇನ್ನು ಜಿಪಿಎಸ್. ಮೇಲುಕೋಟೆ ತೋಳದ ಗುಹೆ, ಗೂಬೆಯ ಗೂಡು ಇಂಥವುಗಳ ಜಾಗ ಹೊರಗೆ ಬರಬಾರದು, ಸಹಿ ಮುರಿಯಲೂಬಾರದು. ಎಕ್ಸಿಫ್‌ನ ಪ್ರತಿ ಕ್ಷೇತ್ರವನ್ನೂ ಬೇರೆ ಎಲೆ ಮಾಡಿ, ಜಿಪಿಎಸ್ ಎಲೆ ಮುಚ್ಚಿಡಿ. ಸಾಲ್ಟ್ ಇಲ್ಲಿ ಮರೆತರೆ ಮಾತ್ರ ಕೆಟ್ಟಿರಿ: ದಶಮಾಂಶದ ನಾಲ್ಕು ಸ್ಥಾನ ಅಂದ್ರೆ ಸುಮಾರು 11 ಮೀಟರ್ ನಿಖರತೆ, ಒಂದು ಡಿಗ್ರಿ ಚೌಕದಲ್ಲಿ ಇರೋದು 10 ಕೋಟಿ ಬಿಂದು. ಅಷ್ಟನ್ನೂ ಹ್ಯಾಶ್ ಮಾಡಿ ಹೋಲಿಸೋಕೆ ಸಾಮಾನ್ಯ ಲ್ಯಾಪ್‌ಟಾಪಿಗೆ ಕೆಲವೇ ನಿಮಿಷ ಸಾಕು.