ಎಐ ಫೈರ್‌ವಾಲ್ ತಗೊಳ್ಳೋಕೆ ಮುಂಚೆ ಏನು ನೋಡ್ಬೇಕು? ದಾವಣಗೆರೆ, ಚಿತ್ರದುರ್ಗ ಕಡೆ ನೆಟ್‌ವರ್ಕ್ ಕೆಲಸ ಮಾಡೋರು ಅನುಭವ ಹೇಳ್ರಿ

ಕೇಳಿದ್ದು (ದಾವಣಗೆರೆ)

ಎಲ್ರಿಗೂ ನಮಸ್ಕಾರ. ನಾನು ಇಲ್ಲಿ ಒಂದು ಪತ್ತಿನ ಸಹಕಾರ ಸಂಘದಲ್ಲಿ ಕಂಪ್ಯೂಟರ್, ನೆಟ್‌ವರ್ಕ್ ಎಲ್ಲಾ ನೋಡ್ಕೊಳ್ತೀನಿ, ಆ ಕೆಲಸಕ್ಕೆ ನಾನೊಬ್ನೇ. ಹೆಡ್ ಆಫೀಸ್ ಪಿ.ಜೆ. ಬಡಾವಣೆ ಹತ್ರ, ಬ್ರಾಂಚು ಹರಿಹರ, ಚನ್ನಗಿರಿ, ಹೊಳಲ್ಕೆರೆ. ಹೋದ ವಾರ ಬೆಂಗಳೂರಿಂದ ಒಬ್ರು ಬಂದು ಈಗ ಹ್ಯಾಕರ್‌ಗಳೆಲ್ಲ ಎಐ ಬಳಸ್ತಾರೆ, ಅದಕ್ಕೆ ಎಐ ಫೈರ್‌ವಾಲೇ (ಆಫೀಸ್ ನೆಟ್‌ವರ್ಕಿಗೂ ಹೊರಗಿನ ಇಂಟರ್ನೆಟ್‌ಗೂ ಮಧ್ಯ ಕೂತು ಕಾವಲು ಕಾಯೋ ಬಾಕ್ಸು) ಬೇಕು ಅಂತ ಐದೂವರೆ ಲಕ್ಷದ ಕೊಟೇಶನ್ ಕೊಟ್ಟು ಹೋಗಿದಾರೆ, ವರ್ಷ ವರ್ಷ ಲೈಸೆನ್ಸ್ ದುಡ್ಡು ಬೇರೆ. ನಮ್ಮ ಅಧ್ಯಕ್ಷರು ತಗೊಂಡ್ಬಿಡೋಣ ಅಂತಿದಾರೆ, ಸೋಮವಾರ ಬೋರ್ಡ್ ಮೀಟಿಂಗ್ ಐತೆ. ನಂಗೆ ಹೂಂ ಅನ್ನೋಕೂ ಧೈರ್ಯ ಇಲ್ಲ, ಬೇಡ ಅನ್ನೋಕೂ ಧೈರ್ಯ ಇಲ್ಲ, ನಾಳೆ ಏನಾದ್ರೂ ಆದ್ರೆ ನನ್ನ ತಲೆ ಮೇಲೇ ಬರೋದು. ಅನುಭವ ಇರೋರು ಹೇಳ್ರಿ.

ಉತ್ತರ (ದಾವಣಗೆರೆ, ಮಂಡಿಪೇಟೆ)

ತಮ್ಮಾ, ನಾನು 14 ವರ್ಷದಿಂದ ಇದೇ ಊರಲ್ಲಿ ನೆಟ್‌ವರ್ಕ್ ಕೆಲಸ ಮಾಡ್ತಿದೀನಿ, ಎಪಿಎಂಸಿ ದಲ್ಲಾಳಿ ಅಂಗಡಿ, ರೈಸ್ ಮಿಲ್ಲು, ನರ್ಸಿಂಗ್ ಹೋಮು, ಎರಡು ಮೂರು ಸೊಸೈಟಿ. ಸೋಮವಾರ ಸೈನ್ ಹಾಕಿಸ್ಬೇಡ. ಆ ಬಾಕ್ಸ್ ಕೆಟ್ಟದ್ದು ಅಂತ ಹೇಳ್ತಿಲ್ಲ, ಒಂದು ತಿಂಗಳು ತಡಿ, ಅಷ್ಟರೊಳಗೆ ದುಡ್ಡು ಖರ್ಚಿಲ್ಲದ ಕೆಲಸ ಬೇಕಾದಷ್ಟು ಐತೆ ಅದನ್ನ ಮುಗಿಸು.

ಯಾಕೆ ಹೇಳ್ತೀನಿ ಅಂದ್ರೆ ಒಂದು ವರ್ಷ ಮೆಕ್ಕೆಜೋಳದ ಸೀಜನ್‌ನಲ್ಲಿ ಸೋಮವಾರ ಬೆಳಿಗ್ಗೆ ಏಳೂವರೆಗೆ ಒಂದು ದಲ್ಲಾಳಿ ಅಂಗಡಿ ಗುಮಾಸ್ತರು ಫೋನ್ ಮಾಡಿದ್ರು, "ಟ್ಯಾಲಿ ಓಪನ್ನೇ ಆಗ್ತಿಲ್ಲ, ಫೈಲ್ ಹೆಸರಿಗೆಲ್ಲ ಹಿಂದೆ ಏನೋ ಬಾಲ ಬಂದೈತೆ" ಅಂತ. ಹೋಗಿ ನೋಡಿದ್ರೆ ಸ್ಕ್ರೀನ್ ತುಂಬ ಬಿಳಿ ಐಕಾನು, ಮಧ್ಯ ಒಂದು ನೋಟ್‌ಪ್ಯಾಡ್ ಫೈಲು, ಅದರೊಳಗೆ ಬಿಟ್‌ಕಾಯಿನ್ ಕೇಳಿದಾರೆ. ಹೊರಗೆ ಲಾರಿ ನಿಂತಾವೆ, ಹಮಾಲರು ಚೀಲ ಇಳಿಸ್ತಾ ಇದಾರೆ, ರೈತರು ಪಟ್ಟಿ ಕೊಡ್ರಿ ಅಂತ ಕೌಂಟರ್ ಮುಂದೆ ನಿಂತಿದಾರೆ, ಯಾರಿಗೆ ಎಷ್ಟು ಮುಂಗಡ ಕೊಟ್ಟಿದ್ದು ಅನ್ನೋದು ಆ ಒಂದು ಮಷೀನ್‌ನಲ್ಲಿ ಬಿಟ್ರೆ ಎಲ್ಲೂ ಇಲ್ಲ. ಆಗಿದ್ದೇನು ಅಂದ್ರೆ ಸಾಹುಕಾರ್ರು ಮನೇಲಿ ಕೂತು ಟ್ಯಾಲಿ ನೋಡ್ಬೇಕು ಅಂತ ಯಾರೋ ರೂಟರ್‌ನಲ್ಲಿ 3389 ಪೋರ್ಟ್ ಫಾರ್ವರ್ಡ್ ಮಾಡಿ, ಅಂದ್ರೆ ದೂರದಿಂದ ಆ ಮಷೀನ್ ಓಡಿಸೋ ರಿಮೋಟ್ ಡೆಸ್ಕ್‌ಟಾಪ್ ಬಾಗ್ಲನ್ನ ಇಡೀ ಇಂಟರ್ನೆಟ್‌ಗೆ ತೆಗೆದಿಟ್ಟು ಹೋಗಿದ್ರು, ಪಾಸ್‌ವರ್ಡು ಅಂಗಡಿ ಹೆಸರಿನ ಮುಂದೆ 123. ಬ್ಯಾಕಪ್ ದಿನಾ ಆಗ್ತಿತ್ತು, ಆದ್ರೆ ಅದೇ ಮಷೀನಿನ ಡಿ ಡ್ರೈವ್‌ಗೆ, ಅದೂ ಲಾಕ್ ಆಗಿತ್ತು. ಕೊನೆಗೆ ಸಿಕ್ಕಿದ್ದು ಗಲ್ಲಾಪೆಟ್ಟಿಗೆಯಲ್ಲಿ ಕುಂಕುಮದ ಪೊಟ್ಟಣದ ಜೊತೆ ಬಿದ್ದಿದ್ದ ಒಂದು ಪೆನ್‌ಡ್ರೈವು, ದೀಪಾವಳಿ ಲಕ್ಷ್ಮೀಪೂಜೆ ದಿನ ಲೆಕ್ಕದ ಪುಸ್ತಕದ ಜೊತೆ ಪೂಜೆಗಿಡೋಕೆ ಅಂತ ಗುಮಾಸ್ತರು ಕಾಪಿ ಹಾಕ್ಕೊಂಡಿದ್ದು. ಅಲ್ಲಿಂದ ಈಚೆಗಿನ 11 ದಿನದ್ದು ತೂಕದ ಚೀಟಿ ಹರಡ್ಕೊಂಡು ಮೂರು ಜನ ಎರಡು ರಾತ್ರಿ ಕೂತು ಎಂಟ್ರಿ ಹೊಡೆದ್ರು.

ಇದ್ರಲ್ಲಿ ಎಐ ಎಲ್ಲೂ ಇಲ್ಲ. ದೊಡ್ಡೋರದ್ದೂ ಇದೇ ಕಥೆ, 2021ರ ಮೇನಲ್ಲಿ ಅಮೆರಿಕದಲ್ಲಿ ಪೆಟ್ರೋಲ್, ಡೀಸೆಲ್ ಸಾಗಿಸೋ ಕಲೋನಿಯಲ್ ಪೈಪ್‌ಲೈನ್ ನಿಂತಿದ್ದು ಯಾರೂ ಬಳಸದೆ ಬಿಟ್ಟಿದ್ದ ಒಂದು ವಿಪಿಎನ್ (ಹೊರಗಿಂದ ಆಫೀಸ್ ನೆಟ್‌ವರ್ಕ್ ಒಳಗೆ ಬರೋ ದಾರಿ) ಅಕೌಂಟಿಂದ, ಪಾಸ್‌ವರ್ಡ್ ಸೋರಿತ್ತು, ಎರಡನೇ ಹಂತದ ಒಟಿಪಿ ಇರ್ಲಿಲ್ಲ, ಅಷ್ಟೇ. 75 ಬಿಟ್‌ಕಾಯಿನ್ ಕೊಟ್ರು.

ಹಂಗಾದ್ರೆ ಎಐ ಬಂದು ಏನೂ ಬದಲಾಗಿಲ್ವಾ ಅಂದ್ರೆ ಆಗೈತೆ, ನಾನೇ ನೋಡ್ತಿದೀನಿ. ಮೊದ್ಲು ಮೋಸದ ಮೇಲ್ ಕನ್ನಡದಲ್ಲಿ ಬಂದ್ರೆ ಒಂದೇ ಸಾಲಿಗೆ ಗೊತ್ತಾಗ್ತಿತ್ತು, ವಿಭಕ್ತಿ ಎಲ್ಲೋ ಕ್ರಿಯಾಪದ ಎಲ್ಲೋ. ಈಗ "ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ" ಅಂತ ನಮ್ಮ ಸಹಕಾರ ಇಲಾಖೆ ಸುತ್ತೋಲೆ ಥರಾನೇ ಬರ್ತದೆ, ಕ್ರಮಾಂಕ, ದಿನಾಂಕ, ವಿಷಯ, ಉಲ್ಲೇಖ ಎಲ್ಲಾ ಹಾಕಿ. ನಿಮ್ಮ ಬ್ರಾಂಚಿನ ಕ್ಯಾಷಿಯರ್ ಅಕ್ಕ ಅದನ್ನ ನಂಬಿದ್ರೆ ಅವರದ್ದು ತಪ್ಪು ಅಂತ ನಾನು ಹೇಳಲ್ಲ. ಧ್ವನಿನೂ ಅಷ್ಟೇ, ಮುಖನೂ ಅಷ್ಟೇ. 2024ರ ಶುರುವಲ್ಲಿ ಹಾಂಗ್‌ಕಾಂಗ್‌ನಲ್ಲಿ ಅರೂಪ್ ಅನ್ನೋ ಇಂಜಿನಿಯರಿಂಗ್ ಕಂಪನಿ ನೌಕರರೊಬ್ರು ವಿಡಿಯೋ ಕಾಲ್‌ನಲ್ಲಿ ತಮ್ಮ ದೊಡ್ಡ ಸಾಹೇಬ್ರನ್ನೇ ನೋಡಿದೀನಿ ಅಂದ್ಕೊಂಡು ಸುಮಾರು 20 ಕೋಟಿ ಹಾಂಗ್‌ಕಾಂಗ್ ಡಾಲರ್ ಕಳಿಸಿಬಿಟ್ರು, ಕಾಲ್‌ನಲ್ಲಿದ್ದ ಮುಖಗಳು ಡೀಪ್‌ಫೇಕ್, ಎಐನಲ್ಲಿ ಮಾಡಿದ ನಕಲಿ. ಇದನ್ನ ಯಾವ ಫೈರ್‌ವಾಲೂ ತಡಿಯಲ್ಲ. ಬೋರ್ಡ್‌ನಲ್ಲಿ ಒಂದು ಠರಾವು ಮಾಡಿಸು, ಇಷ್ಟು ಮೊತ್ತದ ಮೇಲಿನ ಆರ್‌ಟಿಜಿಎಸ್‌ಗೆ ಫೋನ್ ಬಂದ್ರೂ, ವಾಟ್ಸಾಪ್ ಬಂದ್ರೂ, ಅಧ್ಯಕ್ಷರೇ ಹೇಳಿದ್ರೂ, ರಿಜಿಸ್ಟರಿನಲ್ಲಿರೋ ನಂಬರಿಗೆ ನಾವೇ ತಿರುಗಿ ಫೋನ್ ಮಾಡಿ ಕೇಳ್ಬೇಕು ಅಂತ. ಅಧ್ಯಕ್ಷರ ಸೈನೇ ಅದರ ಮೇಲೆ ಇದ್ರೆ ಯಾರಿಗೂ ಮುಜುಗರ ಆಗಲ್ಲ.

ಇನ್ನು ಆ ಬಾಕ್ಸ್ ವಿಷಯ. ಬಂದೋರಿಗೆ ಇಷ್ಟು ಕೇಳು. ಇವತ್ತು ಹೆಚ್ಚು ಕಮ್ಮಿ ಎಲ್ಲಾ ಟ್ರಾಫಿಕ್ಕೂ ಎನ್‌ಕ್ರಿಪ್ಟ್ (ಗುಪ್ತಲಿಪಿ) ಆಗಿ ಹೋಗ್ತದೆ, ಅದನ್ನ ಮಧ್ಯದಲ್ಲಿ ಬಿಡಿಸಿ ನೋಡೋ ಎಸ್‌ಎಸ್‌ಎಲ್ ಇನ್‌ಸ್ಪೆಕ್ಷನ್ ಆನ್ ಮಾಡದಿದ್ರೆ ನಿಮ್ಮ ಎಐ ಲಕೋಟೆ ಮೇಲಿನ ವಿಳಾಸ ನೋಡ್ತದೆ, ಒಳಗಿನ ಕಾಗದ ನೋಡಲ್ಲ. ಆನ್ ಮಾಡಿದ್ಮೇಲೆ ಸ್ಪೀಡ್ ಎಷ್ಟಕ್ಕೆ ಇಳೀತದೆ, ಪ್ರತಿ ಮಷೀನಿಗೂ ಸರ್ಟಿಫಿಕೇಟ್ ಯಾರು ಹಾಕ್ತಾರೆ? ಲೈಸೆನ್ಸ್ ಮುಗಿದ ಮಾರನೇ ದಿನ ಯಾವ್ದು ಕೆಲಸ ಮಾಡ್ತದೆ, ಯಾವ್ದು ನಿಲ್ತದೆ? ರಾತ್ರಿ ಎರಡು ಗಂಟೆಗೆ ಅಲರ್ಟ್ ಬಂದ್ರೆ ಯಾರು ಎದ್ದು ನೋಡ್ತಾರೆ, ನೀನೊಬ್ನೇನಾ? ಇದಕ್ಕೆ ಬರವಣಿಗೆಯಲ್ಲಿ ಉತ್ತರ ಕೊಟ್ರೆ 30 ದಿನ ಡೆಮೊ ಹಾಕಿಸ್ಕೋ. ಇನ್ನೊಂದು ಮಾತು, ಈ ಎಐ ಅನ್ನೋದು ನಿಮ್ಮ ದಿನನಿತ್ಯದ ಟ್ರಾಫಿಕ್ ನೋಡಿ ಇದು ಮಾಮೂಲಿ, ಇದು ಮಾಮೂಲಿ ಅಲ್ಲ ಅಂತ ಕಲಿಯೋದು. ಒಳಗೆ ಈಗಾಗ್ಲೇ ಏನಾದ್ರೂ ಕೂತಿದ್ರೆ ಅದನ್ನೂ ಮಾಮೂಲಿ ಅಂತ ಕಲಿಯೋ ಸಾಧ್ಯತೆ ಐತೆ. ಅದಕ್ಕೇ ಮೊದ್ಲು ಮನೆ ಗುಡಿಸು ಅಂತ ಹೇಳ್ತಿರೋದು.

ಫೈರ್‌ವಾಲ್ ಅಂದ್ರೆ ಅದೂ ಒಂದು ಬಾಗ್ಲೇ ಅನ್ನೋದು ಮರೀಬೇಡ. 2024ರ ಜನವರೀಲಿ ಇವಾಂಟಿ ವಿಪಿಎನ್ ಸಾಧನದಲ್ಲೇ ತೂತು ಸಿಕ್ಕಿ ಅಮೆರಿಕ ಸರ್ಕಾರ ತನ್ನ ಇಲಾಖೆಗಳಿಗೆ 48 ಗಂಟೆಯೊಳಗೆ ಅದನ್ನ ಕಿತ್ತು ಇಡ್ರಿ ಅಂತ ಆದೇಶ ಮಾಡಿತ್ತು. ಈಗ ಇರೋ ನಿಮ್ಮ ಹಳೇ ಫೈರ್‌ವಾಲ್ ಫರ್ಮ್‌ವೇರ್ (ಅದರೊಳಗೇ ಇರೋ ಸಾಫ್ಟ್‌ವೇರ್) ಯಾವ ವರ್ಷದ್ದು ನೋಡಿದೀಯಾ? ಅದರ ಅಡ್ಮಿನ್ ಪೇಜ್ ಹೊರಗಿನ ಇಂಟರ್ನೆಟ್‌ನಿಂದ ಓಪನ್ ಆಗ್ತದಾ? ಇವತ್ತೇ ಮೊಬೈಲ್ ಡೇಟಾದಲ್ಲಿ ನಿಮ್ಮ ಸ್ಟ್ಯಾಟಿಕ್ ಐಪಿ, ಅಂದ್ರೆ ಇಂಟರ್ನೆಟ್‌ನಲ್ಲಿ ಬದಲಾಗದ ನಿಮ್ಮ ವಿಳಾಸ, ಹೊಡೆದು ನೋಡು.

ಉತ್ತರ (ಚಿತ್ರದುರ್ಗ, ಕಾಲೇಜ್ ನೆಟ್‌ವರ್ಕ್ ನೋಡ್ಕೊಳ್ಳೋರು)

ಮಂಡಿಪೇಟೆ ಅಣ್ಣ ಹೇಳಿದ್ದು ಸರಿ ಐತೆ. ನಾನು ಎಐನ ಇನ್ನೊಂದು ಮುಖ ಹೇಳ್ತೀನಿ, ನಾವು ಕೆಲಸದೋರು ಬಳಸೋದು. ನಾನು ಚಾಟ್‌ಬಾಟ್ ದಿನಾ ಬಳಸ್ತೀನಿ, ಫೈರ್‌ವಾಲ್ ಲಾಗ್ (ಏನೇನಾಯ್ತು ಅಂತ ಅದು ಬರೆದಿಡೋ ದಾಖಲೆ) ಸಾವಿರಾರು ಸಾಲು ಓದೋಕೆ, ಸಣ್ಣ ಪೈಥಾನ್ ಸ್ಕ್ರಿಪ್ಟ್ ಬರೆಯೋಕೆ ನಿಜವಾಗ್ಲೂ ಉಪಕಾರ ಆಗೈತೆ, ಅರ್ಧ ದಿನದ ಕೆಲಸ ಹತ್ತು ನಿಮಿಷಕ್ಕೆ ಬಂದೈತೆ.

ಆದ್ರೆ ಹೋದ ವರ್ಷ ಲ್ಯಾಬಿಗೆ ಹೊಸ ವಿಲ್ಯಾನ್ 40 (ಅದೇ ಸ್ವಿಚ್‌ಗಳಲ್ಲಿ ಬೇರೆ ಮಾಡಿಟ್ಟ ಒಂದು ಒಳ ನೆಟ್‌ವರ್ಕ್) ಹಾಕ್ಬೇಕಿತ್ತು, ಇಂಥ ವಿಲ್ಯಾನ್‌ಗಳೆಲ್ಲ ಒಟ್ಟಿಗೆ ಹೋಗೋ ಟ್ರಂಕ್ ಪೋರ್ಟಿಗೆ ಚಾಟ್‌ಬಾಟ್‌ನ ಕಮಾಂಡ್ ಕೇಳ್ದೆ. ಅದು "ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ 40" ಅಂತ ಕೊಡ್ತು, ನೋಡೋಕೆ ಸರಿಯಾಗೇ ಐತೆ, ಪೇಸ್ಟ್ ಮಾಡ್ದೆ. 40ರ ಮುಂಚೆ "ಆಡ್" ಅನ್ನೋ ಪದ ಇರ್ಬೇಕಿತ್ತು. ಅದಿಲ್ಲ ಅಂದ್ರೆ 40 ಒಂದನ್ನ ಬಿಟ್ಟು ಆ ಟ್ರಂಕ್‌ನಲ್ಲಿ ಹೋಗ್ತಿದ್ದ ಬಾಕಿ ವಿಲ್ಯಾನ್ ಎಲ್ಲಾ ಕಟ್. ಆಫೀಸು, ಲೈಬ್ರರಿ, ಪರೀಕ್ಷಾ ವಿಭಾಗ ಒಟ್ಟಿಗೆ ಬಿದ್ವು, ನಾನು ಸ್ವಿಚ್‌ಗೆ ಲಾಗಿನ್ ಆಗೋ ಮ್ಯಾನೇಜ್‌ಮೆಂಟ್ ವಿಲ್ಯಾನೂ ಅದ್ರಲ್ಲೇ ಇದ್ದಿದ್ರಿಂದ ನಾನೂ ಹೊರಗೆ. ಕನ್ಸೋಲ್ ಕೇಬಲ್ ಹಿಡ್ಕೊಂಡು ಆ ಬ್ಲಾಕಿನ ಮೂರನೇ ಮಹಡಿಗೆ ಓಡಿ ಹೋಗಿ ಸರಿ ಮಾಡೋಷ್ಟರಲ್ಲಿ 25 ನಿಮಿಷ ಹೋಗಿತ್ತು, ಅವತ್ತು ಪರೀಕ್ಷೆ ಫೀಸ್ ಕಟ್ಟೋ ಕೊನೇ ದಿನ, ಹಳ್ಳಿಯಿಂದ ಬಸ್ಸಿಗೆ ಬಂದಿದ್ದ ಮಕ್ಕಳು ಕ್ಯೂನಲ್ಲಿ ನಿಂತಿದ್ದು ಈಗ್ಲೂ ಕಣ್ಣ ಮುಂದೆ ಐತೆ. ಅವತ್ತಿಂದ ದೂರದ ಸ್ವಿಚ್ ಮುಟ್ಟೋಕೆ ಮುಂಚೆ "ರಿಲೋಡ್ ಇನ್ 10" ಹೊಡೆದೇ ಶುರು ಮಾಡೋದು, ಎಡವಟ್ಟಾದ್ರೆ ಹತ್ತು ನಿಮಿಷಕ್ಕೆ ತಾನೇ ರೀಸ್ಟಾರ್ಟ್ ಆಗಿ ಸೇವ್ ಆಗಿದ್ದ ಹಳೇ ಕಾನ್ಫಿಗ್‌ಗೆ (ಸೆಟ್ಟಿಂಗ್‌ಗೆ) ಬರ್ತದೆ, ಎಲ್ಲಾ ಸರಿ ಹೋದ್ರೆ ಕ್ಯಾನ್ಸಲ್ ಮಾಡಿ ಆಮೇಲೆ ಸೇವ್.

ಮತ್ತೆ ಇಡೀ ಕಾನ್ಫಿಗ್ ಫೈಲ್ ಎತ್ತಿ ಚಾಟ್‌ಬಾಟ್‌ಗೆ ಹಾಕ್ಬೇಡ್ರಿ. ಅದರಲ್ಲಿರೋ, ಸಿಸ್ಕೋ ಕಂಪನಿ ಸಾಧನಗಳ ಟೈಪ್ 7 ಅನ್ನೋ ಪಾಸ್‌ವರ್ಡ್ ನೋಡೋಕೆ ಎನ್‌ಕ್ರಿಪ್ಟ್ ಆದಂಗೆ ಕಾಣ್ತದೆ, ಸೆಕೆಂಡ್‌ನಲ್ಲಿ ಬಿಡಿಸ್ಬಹುದು. 2023ರಲ್ಲಿ ಸ್ಯಾಮ್‌ಸಂಗ್‌ನವರ ಇಂಜಿನಿಯರ್‌ಗಳು ಸೋರ್ಸ್ ಕೋಡ್ ಹಿಂಗೇ ಚಾಟ್‌ಜಿಪಿಟಿಗೆ ಹಾಕಿ, ಆಮೇಲೆ ಕಂಪನಿ ಇಂಥ ಟೂಲ್ ಬಳಸೋದನ್ನೇ ನಿಲ್ಲಿಸ್ತು. ನಾನು ಐಪಿ, ಹೆಸರು, ಪಾಸ್‌ವರ್ಡ್ ಸಾಲು ತೆಗೆದು ಬೇಕಾದ ಹತ್ತು ಸಾಲು ಮಾತ್ರ ಕೊಡ್ತೀನಿ.

ಉತ್ತರ (ಚಳ್ಳಕೆರೆ, ಕೇಬಲ್ ಮತ್ತೆ ಫೈಬರ್ ಕನೆಕ್ಷನ್ ಕೊಡೋರು)

ಕ್ಯಾಮೆರಾ ಡಿವಿಆರ್ (ರೆಕಾರ್ಡ್ ಮಾಡೋ ಬಾಕ್ಸು) ನೋಡಣ್ಣ, ಮರೀಬೇಡ. ನಮ್ಮ ಲೈನ್‌ನಲ್ಲಿ ಒಂದು ಎಣ್ಣೆ ಮಿಲ್ಲಿಂದ ರಾತ್ರಿಯೆಲ್ಲ ಅಪ್‌ಲೋಡ್ ಫುಲ್ ಹೋಗ್ತಿತ್ತು, ಮಿಲ್ ಬಂದ್ ಇದ್ರೂ. ಹುಡುಕಿದ್ರೆ ಗೋಡೆ ಮೇಲಿನ ಡಿವಿಆರ್, ಪಾಸ್‌ವರ್ಡ್ ಅಡ್ಮಿನ್ ಅಡ್ಮಿನ್, ಅದು ಯಾರ ಮೇಲೋ ದಾಳಿ ಮಾಡೋ ಕೆಲಸ ಮಾಡ್ತಿತ್ತು. 2016ರಲ್ಲಿ ಮಿರಾಯ್ ಅಂತ ಒಂದು ಕೆಟ್ಟ ಪ್ರೋಗ್ರಾಂ ಬಂದಿದ್ದು ಇದೇ ಥರ, ಕಂಪನಿ ಹಾಕಿ ಕಳಿಸಿದ ಪಾಸ್‌ವರ್ಡ್ ಬದಲಾಯಿಸದ ಕ್ಯಾಮೆರಾ, ಡಿವಿಆರ್, ರೂಟರ್ ಸೇರಿಸ್ಕೊಂಡು ಅಕ್ಟೋಬರ್‌ನಲ್ಲಿ ಡೈನ್ ಅನ್ನೋ ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಂದ ಅದರ ವಿಳಾಸ ಹುಡುಕಿಕೊಡೋ) ಕಂಪನಿಗೆ ಹೊಡೆದು ಟ್ವಿಟರ್, ನೆಟ್‌ಫ್ಲಿಕ್ಸ್ ಎಲ್ಲಾ ನಿಂತಿದ್ವು. ಕ್ಯಾಮೆರಾಗೆ ಬೇರೆ ವಿಲ್ಯಾನ್ ಮಾಡು, ಕೌಂಟರ್ ಮಷೀನಿಗೂ ಅದಕ್ಕೂ ದಾರಿ ಇರಬಾರ್ದು. ಸ್ಟಾಫ್ ಮೊಬೈಲಿಗೂ ಆಫೀಸ್ ವೈಫೈ ಕೊಡ್ಬೇಡ. ಮದುವೆ ಕರೆಯೋಲೆ ಅಂತ, ಆರ್‌ಟಿಒ ಚಲನ್ ಅಂತ ವಾಟ್ಸಾಪ್‌ನಲ್ಲಿ ಎಪಿಕೆ (ಆಪ್ ಇನ್‌ಸ್ಟಾಲ್ ಮಾಡೋ) ಫೈಲ್ ಬರ್ತಾವಲ್ಲ, ಅದನ್ನ ಒತ್ತಿದ ಮೊಬೈಲು ನಿಮ್ಮ ಸರ್ವರ್ ಪಕ್ಕದಲ್ಲೇ ಕೂತಿರ್ತದೆ.

ಉತ್ತರ (ಊರು ದಾವಣಗೆರೆ, ಕೆಲಸ ಬೆಂಗಳೂರಿನ ಒಂದು ನೆಟ್‌ವರ್ಕ್ ಆಪರೇಶನ್ ಸೆಂಟರ್‌ನಲ್ಲಿ)

ದೊಡ್ಡ ಕಂಪನಿಗಳಲ್ಲಿ ಏನಾಗ್ತಿದೆ ಸ್ವಲ್ಪ ಹೇಳ್ತೀನಿ, ನಿಮ್ಮ ಬೋರ್ಡಿಗೆ ಹೇಳೋಕೆ ಉಪಯೋಗಕ್ಕೆ ಬರಬಹುದು. ಒಂದು, ನೆಟ್‌ವರ್ಕ್ ಬೇರೆ ಸೆಕ್ಯುರಿಟಿ ಬೇರೆ ಅನ್ನೋದು ಹೋಗ್ತಾ ಇದೆ. ಸಿಸ್ಕೋ 2024ರಲ್ಲಿ 2,800 ಕೋಟಿ ಡಾಲರ್ ಕೊಟ್ಟು ಲಾಗ್ ವಿಶ್ಲೇಷಣೆ ಮಾಡೋ ಸ್ಪ್ಲಂಕ್ ತಗೊಳ್ತು, ಎಚ್‌ಪಿಇ ಕಂಪನಿ 2025ರ ಜುಲೈನಲ್ಲಿ ನೆಟ್‌ವರ್ಕ್ ಸಾಧನ ಮಾಡೋ ಜುನಿಪರ್‌ನ ಸುಮಾರು 1,400 ಕೋಟಿ ಡಾಲರ್‌ಗೆ ತಗೊಳ್ತು, ಅದಕ್ಕೆ ದೊಡ್ಡ ಕಾರಣ ಜುನಿಪರ್‌ನ ಮಿಸ್ಟ್ ಅನ್ನೋ ಎಐ ಪ್ಲಾಟ್‌ಫಾರ್ಮ್. ನಮ್ಮಲ್ಲಿ ಮೊದ್ಲು ಅಲರ್ಟ್ ನೋಡಿ ಟಿಕೆಟ್ (ದೂರಿನ ನಮೂದು) ಎತ್ತೋಕೆ ಅಂತಾನೇ ಶಿಫ್ಟಿಗೆ ಆರು ಹುಡುಗರಿದ್ರು, ಈಗ ಅಲರ್ಟ್ ಗುಂಪು ಮಾಡಿ ಕೊಡೋದು ಟೂಲ್, ಇಬ್ರೇ ಇದೀವಿ. ಬಿಐಇಟಿ, ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜ್ ಮಕ್ಕಳು ಯಾರಾದ್ರೂ ಇದನ್ನ ಓದ್ತಿದ್ರೆ, ಸಿಸ್ಕೋದ ಸಿಸಿಎನ್‌ಎ ಪರೀಕ್ಷೆ ಸಿಲಬಸ್‌ನಲ್ಲೂ 2024ರ ಆಗಸ್ಟ್‌ನಿಂದ ಎಐ, ಮಷೀನ್ ಲರ್ನಿಂಗ್ ಸೇರಿದೆ, ಆದ್ರೆ ವೈರ್‌ಶಾರ್ಕ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಪ್ಯಾಕೆಟ್ (ನೆಟ್‌ವರ್ಕ್‌ನಲ್ಲಿ ಹೋಗೋ ಡೇಟಾ ತುಣುಕು) ಓದೋದು ಬರದೇ ಇದ್ರೆ ಟೂಲ್ ಹೇಳಿದ್ದು ಸರಿನೋ ತಪ್ಪೋ ನಿಮಗೆ ಗೊತ್ತಾಗಲ್ಲ.

ಎರಡು, ಝೀರೋ ಟ್ರಸ್ಟ್. 2010ರಲ್ಲಿ ಸೆಕ್ಯುರಿಟಿ ವಿಶ್ಲೇಷಕ ಜಾನ್ ಕಿಂಡರ್‌ವಾಗ್ ಬಳಕೆಗೆ ತಂದ ಮಾತು. ಆಫೀಸ್ ಒಳಗಿದ್ದಾನೆ ಅಂದ ಮಾತ್ರಕ್ಕೆ ನಂಬಬಾರದು, ಪ್ರತಿ ಸಲ ಯಾರು, ಯಾವ ಮಷೀನು, ಯಾವುದಕ್ಕೆ ಕೇಳ್ತಿದ್ದಾನೆ ನೋಡ್ಬೇಕು ಅನ್ನೋದು. ನಿಮ್ಮ ಅಳತೆಗೆ ಹೇಳೋದಾದ್ರೆ ಹೊಳಲ್ಕೆರೆ ಬ್ರಾಂಚಿನ ಮಷೀನು ಚನ್ನಗಿರಿ ಬ್ರಾಂಚಿನ ಮಷೀನನ್ನ ಯಾಕೆ ನೋಡ್ಬೇಕು? ಬೇಕಾಗಿರೋದು ಸರ್ವರ್ ಒಂದೇ, ಅಷ್ಟೇ ಬಿಡಿ.

ಸಾಫ್ಟ್‌ವೇರ್ ಕೊಟ್ಟೋರ ಬಗ್ಗೆನೂ ಎಚ್ಚರ. 2024ರ ಜುಲೈ ಕೊನೆಗೆ ಸಣ್ಣ ಬ್ಯಾಂಕುಗಳಿಗೆ ಸೇವೆ ಕೊಡೋ ಸಿ-ಎಡ್ಜ್‌ಗೆ ರ‍್ಯಾನ್ಸಮ್‌ವೇರ್ (ಫೈಲ್ ಲಾಕ್ ಮಾಡಿ ದುಡ್ಡು ಕೇಳೋ ಪ್ರೋಗ್ರಾಂ) ಬಿದ್ದಾಗ ಯುಪಿಐ ನಡೆಸೋ ಎನ್‌ಪಿಸಿಐ ಅದನ್ನ ಪೇಮೆಂಟ್ ಜಾಲದಿಂದ ಬೇರೆ ಮಾಡ್ತು, ಸಹಕಾರಿ ಬ್ಯಾಂಕ್, ಗ್ರಾಮೀಣ ಬ್ಯಾಂಕ್ ಸೇರಿ ಸುಮಾರು 300ರ ಪೇಮೆಂಟ್ ಸೇವೆಗೆ ತೊಂದರೆ ಆಯ್ತು, ಆ ಬ್ಯಾಂಕಿನೋರು ತಾವೇನೂ ತಪ್ಪು ಮಾಡಿರ್ಲಿಲ್ಲ. ನಿಮ್ಮ ಸಾಫ್ಟ್‌ವೇರ್‌ನೋರು ರಿಮೋಟ್‌ನಲ್ಲಿ ಯಾವಾಗ ಬೇಕಾದ್ರೂ ಒಳಗೆ ಬರ್ತಾರಾ? ಕೆಲಸ ಇದ್ದಾಗ ಆನ್ ಮಾಡಿ, ಮುಗಿದ ಮೇಲೆ ಆಫ್ ಮಾಡಿ.

ಲಾಗ್ ಇಡಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಘಟನೆ ಗೊತ್ತಾದ 6 ಗಂಟೆಯೊಳಗೆ ಅವರಿಗೆ ತಿಳಿಸ್ಬೇಕು, ಲಾಗ್ 180 ದಿನ ಇರ್ಬೇಕು. ಸಣ್ಣ ಫೈರ್‌ವಾಲ್‌ಗಳ ಮೆಮೊರಿ ಕೆಲವೇ ದಿನಕ್ಕೆ ತುಂಬಿ ಹಳೇದನ್ನ ಅಳಿಸ್ತದೆ. ಮೂಲೇಲಿರೋ ಹಳೇ ಪಿಸಿಗೆ ಒಂದು ದೊಡ್ಡ ಹಾರ್ಡ್‌ಡಿಸ್ಕ್ ಹಾಕಿ ಲಿನಕ್ಸ್‌ನಲ್ಲಿ ಲಾಗ್ ಕೂಡಿಡೋ ಸಿಸ್‌ಲಾಗ್ ಸರ್ವರ್ ಮಾಡಿ, ಲೈಸೆನ್ಸ್ ದುಡ್ಡು ಇಲ್ಲ. ದುಡ್ಡೇ ಹೋದ ದಿನ ಮೊದ್ಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್, ಆಮೇಲೆ ಜಿಲ್ಲಾ ಸಿಇಎನ್ (ಸೈಬರ್ ಅಪರಾಧದ) ಠಾಣೆ, ಆಮೇಲೆ ಬೇರೆ ಎಲ್ಲಾ. ಆ ನಂಬರ್ ಕ್ಯಾಷ್ ಕೌಂಟರ್ ಗಾಜಿನ ಒಳಗಡೆ ಅಂಟಿಸಿ.

ಮತ್ತೆ ಮಂಡಿಪೇಟೆ

ಬೆಂಗಳೂರಿನ ತಮ್ಮ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ, ಅಪ್‌ಡೇಟ್ ಮಾಡ್ಬೇಕು ನಿಜ, ಆದ್ರೆ ನಾಲ್ಕೂ ಕಡೆ ಒಂದೇ ದಿನ ಬೇಡ. 2024ರ ಜುಲೈ 19ಕ್ಕೆ ಕ್ರೌಡ್‌ಸ್ಟ್ರೈಕ್ ಅನ್ನೋ ಸೆಕ್ಯುರಿಟಿ ಕಂಪನಿಯ ಒಂದು ಕೆಟ್ಟ ಅಪ್‌ಡೇಟಿಂದ ಸುಮಾರು 85 ಲಕ್ಷ ವಿಂಡೋಸ್ ಮಷೀನ್ ನೀಲಿ ಸ್ಕ್ರೀನ್ ತೋರಿಸಿದ್ವಲ್ಲ. ಮೊದ್ಲು ನಿನ್ನ ಟೇಬಲ್ ಮೇಲಿನ ಮಷೀನಿಗೆ, ಎರಡು ದಿನ ಬಿಟ್ಟು ಒಂದು ಬ್ರಾಂಚಿಗೆ, ಆಮೇಲೆ ಉಳಿದಿದ್ದಕ್ಕೆ. ಹೊರಗಿನ ಇಂಟರ್ನೆಟ್‌ಗೆ ಮುಖ ಮಾಡಿರೋ ಫೈರ್‌ವಾಲ್, ವಿಪಿಎನ್‌ಗೆ ಮಾತ್ರ ಕಾಯ್ಬೇಡ.

ಕೇಳಿದವರು

ಎಲ್ರಿಗೂ ಕೈ ಮುಗೀತೀನಿ. ನಿನ್ನೆ, ಇವತ್ತು ಕೂತು ಹೆಡ್ ಆಫೀಸ್ ಸ್ಕ್ಯಾನ್ ಮಾಡ್ದೆ. ರಿಜಿಸ್ಟರ್‌ನಲ್ಲಿ 23 ಐಟಂ ಐತೆ, ನೆಟ್‌ವರ್ಕ್‌ನಲ್ಲಿ ಸಿಕ್ಕಿದ್ದು 41. ಹೆಚ್ಚಿಗೆ ಸಿಕ್ಕಿದ್ರಲ್ಲಿ ಸ್ಟಾಫ್ ಮೊಬೈಲೇ ಜಾಸ್ತಿ, ಒಂದು ಟಿವಿ, ಎರಡು ಡಿವಿಆರ್, ಸ್ಟೋರ್ ರೂಮಿನ ಅಟ್ಟದ ಮೇಲೆ ಯಾರೋ ಯಾವಾಗ್ಲೋ ಇಟ್ಟಿದ್ದ ಒಂದು ವೈಫೈ ರೂಟರ್, ಅದಕ್ಕೆ ಪಾಸ್‌ವರ್ಡೇ ಇಲ್ಲ. ಅದನ್ನ ಕಿತ್ತು ಟೇಬಲ್ ಮೇಲೆ ಇಟ್ಟಿದೀನಿ, ಸೋಮವಾರ ಬೋರ್ಡಿಗೆ ತೋರಿಸೋಕೆ. ಫೈರ್‌ವಾಲ್ ಫರ್ಮ್‌ವೇರ್ 2021ರದ್ದು, ಅಡ್ಮಿನ್ ಪೇಜ್ ಮೊಬೈಲಿಂದ ಓಪನ್ ಆಯ್ತು, ಅದನ್ನ ತಕ್ಷಣ ಮುಚ್ಚಿದೆ. ಅಧ್ಯಕ್ಷರಿಗೆ ಫೋನ್‌ನಲ್ಲಿ ಹೇಳ್ದಾಗ ಕೊಟೇಶನ್ ಮುಂದಿನ ತಿಂಗಳಿಗೆ ಇಡೋಣ ಅಂದ್ರು, ಠರಾವಿಗೂ ಒಪ್ಪಿದಾರೆ.

ನಾಳೆ ಭಾನುವಾರ ಆಫೀಸ್ ರಜಾ, ಬ್ಯಾಕಪ್ ತಗೊಂಡು ಬೇರೆ ಮಷೀನ್‌ನಲ್ಲಿ ರಿಸ್ಟೋರ್ ಮಾಡಿ ನೋಡ್ತೀನಿ, ಇಲ್ಲೀವರೆಗೂ ಒಂದ್ಸಲನೂ ಮಾಡಿಲ್ಲ. ಮಂಡಿಪೇಟೆ ಅಣ್ಣ ಬಿಡುವಿದ್ರೆ ಹತ್ತು ಗಂಟೆ ಹೊತ್ತಿಗೆ ಬರ್ತೀರಾ?