‘ಇಮೇಜ್’ ಎಂಬುದಕ್ಕೆ ‘ಅಚ್ಚು’ ಒಪ್ಪುತ್ತದೆಯೇ?

ಬಳಗದ ಎಲ್ಲರಿಗೂ ನಮಸ್ಕಾರ.

ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ಎಂಬೆಡೆಡ್ ಲಿನಕ್ಸ್ (ಸಣ್ಣ ಸಾಧನಗಳೊಳಗೆ ಓಡುವ ಲಿನಕ್ಸ್) ಕುರಿತು ಕನ್ನಡದಲ್ಲಿ ಪಾಠವೊಂದನ್ನು ಬರೆಯುತ್ತಿದ್ದೇನೆ. ಯೋಕ್ಟೊ ಅಥವಾ ಬಿಲ್ಡ್‌ರೂಟ್ ಎಂಬ ಸಲಕರಣೆ ಬಳಸಿ ಕಟ್ಟಿದ ‘ಇಮೇಜ್’ ಅನ್ನು, ಅಂದರೆ ಸಾಧನಕ್ಕೆ ಬರೆಸುವ ಇಡೀ ವ್ಯವಸ್ಥೆಯ ಕಡತವನ್ನು, ಮೊದಲು ಲ್ಯಾಪ್‌ಟಾಪಿನಲ್ಲೇ, ಬೇರೊಂದು ಕಂಪ್ಯೂಟರಿನಂತೆ ವರ್ತಿಸುವ ಕ್ಯೂಎಮು ತಂತ್ರಾಂಶದೊಳಗೆ ಓಡಿಸಿ ಪರೀಕ್ಷಿಸುವುದು ಹೇಗೆ ಎಂಬುದು ವಿಷಯ. ಬೂಟ್, ಕರ್ನಲ್, ಬೋರ್ಡ್ ಎಂಬ ಮಾತುಗಳನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ, ಅವು ಯಾರಿಗೂ ತೊಡಕಾಗುವುದಿಲ್ಲ. ತೊಡಕಾಗುವುದು ಇಮೇಜ್. ಇಮೇಜ್ ಫೈಲ್ ಎಂದೊಡನೆ ಹೊಸಬರು ಫೋಟೊ ಎಂದೇ ತಿಳಿಯುತ್ತಾರೆ.

‘ಬಿಂಬ’ ಎಂದರೆ ಕನ್ನಡಿ ನೆನಪಾಗುತ್ತದೆ. ಎದುರಿಗೊಂದು ವಸ್ತು ಇರಲೇಬೇಕು. ‘ಪಡಿಯಚ್ಚು’ ವಾಸಿ, ಆದರೆ ಅದಕ್ಕೂ ಮೂಲವೊಂದು ಬೇಕು. ಬಳಕೆಯಲ್ಲಿರುವ ಎಸ್‌ಡಿ ಕಾರ್ಡನ್ನು ‘ಡಿಡಿ’ ಆದೇಶದಿಂದ ಮೊದಲಿನಿಂದ ಕೊನೆಯವರೆಗೆ ನಕಲು ಮಾಡಿಕೊಂಡರೆ ಸಿಗುವುದು ಪಡಿಯಚ್ಚೇ ಸರಿ. ಯೋಕ್ಟೊ ಕಟ್ಟಿಕೊಡುವ ‘ಕೋರ್-ಇಮೇಜ್-ಮಿನಿಮಲ್’ ಎಂಬ ಚಿಕ್ಕ ಇಮೇಜ್ ಹಾಗಲ್ಲ. ಅದು ಯಾವ ಸಾಧನದ ನಕಲೂ ಅಲ್ಲ; ಮೂಲ ಸಂಕೇತದಿಂದ ಹೊಸದಾಗಿ ಕಟ್ಟಿದ್ದು. ಮುಂದೆ ಅದನ್ನು ಬರೆಸಿಕೊಂಡ ಸಾಧನಗಳೆಲ್ಲ ಒಂದೇ ತೆರನಾಗಿ ಹೊರಬರುತ್ತವೆ. ಆಲೆಮನೆಯಲ್ಲಿ ಪಾಕ ಹೊಯ್ಯುವ ಅಚ್ಚಿನ ಕೆಲಸವೂ ಇದೇ. ಹಾಗಾಗಿ ಪಡಿಯಚ್ಚನ್ನು ಬ್ಯಾಕಪ್‌ಗೆ ಬಿಟ್ಟುಕೊಟ್ಟು, ಕಟ್ಟಿದ ಇಮೇಜಿಗೆ ‘ಅಚ್ಚು’ ಎಂದಷ್ಟೇ ಬಳಸಬೇಕೆಂದು ನನ್ನ ಆಸೆ.

ಕ್ಯೂಎಮುವಿಗೆ ‘ಸ್ನ್ಯಾಪ್‌ಶಾಟ್’ ಆಯ್ಕೆ ಕೊಟ್ಟರೆ ಪರೀಕ್ಷೆಯ ವೇಳೆ ಬರೆದದ್ದೆಲ್ಲ ತಾತ್ಕಾಲಿಕ ಕಡತಕ್ಕೆ ಹೋಗುತ್ತದೆ, ಮೂಲ ಕಡತ ಬದಲಾಗುವುದಿಲ್ಲ. ಇದನ್ನು ‘ಅಚ್ಚು ಕೆಡದಂತೆ ಪರೀಕ್ಷಿಸುವ ಆಯ್ಕೆ’ ಎಂದು ಬರೆದೆ. ಬೇರೆ ವಿವರಣೆಯೇ ಬೇಕಾಗಲಿಲ್ಲ. ‘ಅಚ್ಚನ್ನು ಫ್ಲ್ಯಾಶಿಗೆ ಬರೆ’ ಎಂಬುದೂ ಸಲೀಸು. ‘ಅಚ್ಚನ್ನು ಬೂಟ್ ಮಾಡು’ ಮಾತ್ರ ಕಿವಿಗೆ ಒರಟು; ‘ಅಚ್ಚಿನಿಂದ ಬೂಟ್ ಮಾಡು’ ಎಂದರೆ ನಡೆಯುತ್ತದೆಯೇ? ‘ಅಚ್ಚು ಹಾಕಿಸು’ ಎಂದರೆ ಮುದ್ರಣ ಎಂಬ ಅರ್ಥ ಗಟ್ಟಿಯಾಗಿ ನಿಂತಿರುವುದು ಅಡ್ಡಿಯಾದೀತೇ?

ಇನ್ನು ವರ್ಚುವಲ್ ಮೆಷಿನ್, ಅಂದರೆ ತಂತ್ರಾಂಶವೇ ಕಟ್ಟಿಕೊಡುವ ಕಂಪ್ಯೂಟರ್. ‘ಮಿಥ್ಯಾಯಂತ್ರ’ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ರೂಟ್ ಕಡತವ್ಯವಸ್ಥೆ (ವ್ಯವಸ್ಥೆಯ ಕಡತಗಳೆಲ್ಲ ಇರುವ ಜಾಗ) ಸಿಗದಿದ್ದರೆ ಕ್ಯೂಎಮುವಿನೊಳಗೂ ಕರ್ನಲ್ ‘ಪ್ಯಾನಿಕ್’ ಎಂದು ಸಾರಿ ನಿಂತುಬಿಡುತ್ತದೆ. ಅಲ್ಲಿ ಕರ್ನಲ್ಲೂ ನಿಜ, ದೋಷವೂ ನಿಜ, ತೋರಿಕೆಯದು ಯಂತ್ರಾಂಶವೊಂದೇ. ಮಿಥ್ಯೆ ಎಂದು ಹೆಸರಿಟ್ಟು ‘ಈ ಫಲಿತಾಂಶವನ್ನು ನಂಬಿ’ ಎಂದು ವಿದ್ಯಾರ್ಥಿಗೆ ಹೇಗೆ ಹೇಳುವುದು? ಪತ್ರಿಕೆಗಳ ‘ಅಣಕು ಕಾರ್ಯಾಚರಣೆ’ಯನ್ನು ನೋಡಿ ‘ಅಣಕು ಯಂತ್ರ’ ಎಂದೂ ಯೋಚಿಸಿದೆ. ಆದರೆ ನಡವಳಿಕೆಯನ್ನಷ್ಟೇ ಮಾದರಿಯಾಗಿ ತೋರಿಸುವ ಸಿಮ್ಯುಲೇಟರಿಗೆ ಅದು ಹೆಚ್ಚು ಹೊಂದುತ್ತದೆ. ಎಮ್ಯುಲೇಟರಿಗೆ ‘ಅನುಕಾರಿ’ ಎಂದಿಟ್ಟುಕೊಂಡಿದ್ದೇನೆ: ಆರ್ಮ್ ಪ್ರೊಸೆಸರಿನ ಆದೇಶಗಳನ್ನು ಕ್ಯೂಎಮು ಲ್ಯಾಪ್‌ಟಾಪಿನ ಪ್ರೊಸೆಸರಿಗೆ ತಿಳಿಯುವ ಆದೇಶಗಳಾಗಿ ಮಾರ್ಪಡಿಸಿ ನಡೆಸುತ್ತದೆ. ಅಚ್ಚು ಮತ್ತು ಲ್ಯಾಪ್‌ಟಾಪು ಎರಡೂ ಎಕ್ಸ್86 (ಇಂಟೆಲ್, ಎಎಂಡಿ ಬಗೆಯ) ಪ್ರೊಸೆಸರಿನವಾಗಿದ್ದರೆ, 2007ರಲ್ಲಿ ಲಿನಕ್ಸ್ ಕರ್ನಲ್ಲಿಗೆ ಸೇರಿದ, ವರ್ಚುವಲ್ ಮೆಷಿನ್ ನಡೆಸುವ ಸೌಲಭ್ಯವಾದ ಕೆವಿಎಂ ನೆರವಿನಿಂದ ಆದೇಶಗಳು ಬಹುಪಾಲು ನೇರವಾಗಿಯೇ ನಡೆಯುತ್ತವೆ. ಆಗ ಅನುಕಾರಿ ಎಂಬ ಮಾತು ಸಡಿಲವಾಗುತ್ತದೆ. ಎರಡನ್ನೂ ಒಳಗೊಳ್ಳುವ ಹೆಸರು ನನಗೆ ಹೊಳೆದಿಲ್ಲ.

ಮತ್ತೊಂದು ಸಣ್ಣ ಸಂಗತಿ. ಯೋಕ್ಟೊದಲ್ಲಿ ‘ಕ್ಯೂಎಮುಆರ್ಮ್’ (ಕ್ಯೂಎಮು ತೋರಿಸುವ ಆರ್ಮ್ ಯಂತ್ರ) ಗುರಿಗೆ ಕಟ್ಟಿದ್ದು ಬೇರೆ, ಬೋರ್ಡಿಗೆ ಕಟ್ಟಿದ್ದು ಬೇರೆ. ಮೇಲಿನ ಅನ್ವಯಗಳು ಒಂದೇ ಇದ್ದರೂ ಕರ್ನಲ್ಲಿನ ಸಂರಚನೆ ಬೇರೆಯಾಗಬಹುದು. ವೈಫೈ ಚಿಪ್ಪು, ಸಂವೇದಕಗಳನ್ನು ಬೋರ್ಡಿನ ಮೇಲೆಯೇ ನೋಡಬೇಕು. ಇವೆರಡನ್ನು ಸದ್ಯಕ್ಕೆ ‘ಪರೀಕ್ಷೆಯ ಅಚ್ಚು’, ‘ಬೋರ್ಡಿನ ಅಚ್ಚು’ ಎಂದು ಬರೆದಿದ್ದೇನೆ.

ತಾಂತ್ರಿಕ ಬರಹದಲ್ಲಿ ಅಚ್ಚು ಪದವನ್ನು ಈ ಅರ್ಥದಲ್ಲಿ ಯಾರಾದರೂ ಬಳಸಿದ್ದರೆ ಆ ವಾಕ್ಯವನ್ನೇ ಕಳುಹಿಸಿಕೊಡಿ. ಒಪ್ಪದವರು ಯಾವ ಪ್ರಯೋಗದಲ್ಲಿ ಅದು ಎಡವುತ್ತದೆ ಎಂಬುದನ್ನು ದಯವಿಟ್ಟು ತೋರಿಸಿ.